ಬೀಗರೌತಣದ ಪರಿಹಾಸ

ಬೀಗರೌತಣದ ಪಂಕ್ತಿಯಲ್ಲಿ ಹೊಸ ಸೊಸೆಯ ಮೈಬಣ್ಣವನ್ನೂ ಆಕೆಯ ತಂದೆಯ ಬಡತನವನ್ನೂ ಹಿಡಿದು ನಗಿಸುವವರು ತಮ್ಮನ್ನು ರಸಿಕರೆಂದೇ ಭಾವಿಸುತ್ತಾರೆ. ‘ತಮಾಷೆಗೆ ಆಡಿದ ಮಾತಿಗೆ ಮುನಿಸೇಕೆ?’ ಎಂಬುದು ಅವರ ಸಮಾಧಾನ. ಇದು ಒಪ್ಪತಕ್ಕುದಲ್ಲ. ಭರತಮುನಿಯು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು 6 ಬಗೆಯಾಗಿ ವಿಂಗಡಿಸಿ, ಕಡೆಯ ಎರಡನ್ನು ಅಧಮರ ಪಾಲಿಗೆ ಬಿಟ್ಟಿರುವನು. ಆದುದರಿಂದ ಪಂಕ್ತಿಯೆಲ್ಲ ಪಕ್ಕೆ ಹಿಡಿದು ನಕ್ಕಿತೆಂಬುದು ಹಿರಿಮೆಯಾಗದು. ಪ್ರತ್ಯುತ್ತರ ಕೊಡಲಾರದೆ ತಲೆತಗ್ಗಿಸಿ ಕುಳಿತವಳ ಮೇಲೆ ಎಸೆದ ಮಾತನ್ನು ಪರಿಹಾಸವೆನ್ನುವುದು ಆ ಶಬ್ದಕ್ಕೇ ಅಪಮಾನ. ನಗಿಸಬಲ್ಲವನು ಮೊದಲು ತನ್ನನ್ನೇ ಗುರಿಮಾಡಿಕೊಳ್ಳಲಿ. ಇಲ್ಲವೆ ಮರುಮಾತಾಡಬಲ್ಲ ಸರಿಸಮಾನ ಬೀಗನನ್ನು ಕೆಣಕಲಿ. ಮಾತು ಚಿಕ್ಕದಿರಲಿ, ನಗು ಹುಟ್ಟಿದೊಡನೆ ನಿಲ್ಲಲಿ. ಸೊಸೆಯೂ ಕೂಡಿ ನಗಲಾರದ ಹಾಸ್ಯ ಆ ಮನೆಗೆ ಬೇಡ.