ಹಳೆಯ ಲೆನ್ಸು, ಹೊಸ ಕ್ಯಾಮೆರಾ

ಹಿರಿಯರು ಬಳಸಿ ಬಿಟ್ಟ ವಸ್ತುವನ್ನು ಕಿರಿಯರು ಯಾವ ದೃಷ್ಟಿಯಿಂದ ನೋಡಬೇಕೆಂಬುದು ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆ. ಅಜ್ಜನ ಗಡಿಯಾರ, ಅಜ್ಜಿಯ ಹೊಲಿಗೆ ಯಂತ್ರಗಳ ಸಾಲಿಗೆ ಈಗ ತಂದೆಯ ಕ್ಯಾಮೆರಾ ಸೇರಿಕೊಂಡಿದೆ. ಫಿಲ್ಮ್ ರೀಲಿನ ಕಾಲ ಕಳೆದುಹೋಯಿತೆಂದು ಅದನ್ನು ಲೆನ್ಸುಗಳ ಸಮೇತ ಸಿಕ್ಕ ಬೆಲೆಗೆ ಮಾರಿಬಿಡುವವರುಂಟು. ತಂದೆಯ ಲೆನ್ಸಿಗೆ ಹೊಂದುವುದೆಂಬ ನಂಬಿಕೆಯಿಂದ ಸಾಲ ಮಾಡಿ ಹೊಸ ಕ್ಯಾಮೆರಾ ತಂದು, ಫೋಕಸ್ ಆಗದೆ ಪೇಚಾಡುವವರೂ ಉಂಟು. ಈ ಎರಡು ನಷ್ಟಗಳನ್ನೂ ತಪ್ಪಿಸುವ ತಿಳಿವಳಿಕೆ ಬಹು ಸರಳವಾದುದು. ಅದನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಬೇತಮಂಗಲ, ಬಂಗಾರಪೇಟೆ, ಕೋಲಾರ ಚಿನ್ನದ ಗಣಿ ಪ್ರದೇಶದ ಕುಟುಂಬಗಳಿಗೆ ಈ ವಿಚಾರ ಇನ್ನೂ ಹತ್ತಿರದ್ದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿಯ ಯುವಕರು ದುಡಿಮೆಗಾಗಿ ನಿತ್ಯವೂ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ಊರಿನಲ್ಲಿಯೇ ನಿಂತು ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರ ತೆಗೆದು ಬದುಕು ಕಟ್ಟಿಕೊಳ್ಳಬೇಕೆನ್ನುವ ಹುಡುಗನಿಗೆ ಲೆನ್ಸಿನ ಬೆಲೆಯೇ ಮೊದಲ ಅಡ್ಡಿ. ಅಂಥವನ ಮನೆಯ ಬೀರುವಿನಲ್ಲಿ ಒಂದು ಒಳ್ಳೆಯ ಲೆನ್ಸು ಮಲಗಿದ್ದರೆ ಅದು ಸಣ್ಣ ಆಸ್ತಿಯೇನೂ ಅಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಫೋಕಸ್ ಮಾಡುವ ಮೋಟಾರು ಎಲ್ಲಿದೆ? ಲೆನ್ಸಿನೊಳಗೋ, ಕ್ಯಾಮೆರಾದೊಳಗೋ?

ಇದಕ್ಕೆ ನಮ್ಮ ಗಣಿಯದೇ ಒಂದು ಹೋಲಿಕೆ ಕೊಡಬಹುದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಬಂದು ಚಿನ್ನದ ಗಣಿಯ ಯಂತ್ರಗಳನ್ನು ನಡೆಸಿತು. ಶಕ್ತಿ ಹುಟ್ಟಿದ್ದು ಅಲ್ಲಿ, ಕೆಲಸ ನಡೆದದ್ದು ಇಲ್ಲಿ. ಆರಂಭಕಾಲದ ಅನೇಕ ಆಟೊಫೋಕಸ್ ಲೆನ್ಸುಗಳ ಸ್ಥಿತಿಯೂ ಇಂಥದೇ. ಅವುಗಳಿಗೆ ಸ್ವಂತ ಮೋಟಾರಿಲ್ಲ. ಕ್ಯಾಮೆರಾದೊಳಗಿನ ಮೋಟಾರು ಒಂದು ಪುಟ್ಟ ಕಡ್ಡಿಯ ಮೂಲಕ ಲೆನ್ಸಿನ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಆ ಕಡ್ಡಿ ಇಲ್ಲದ ಕ್ಯಾಮೆರಾಕ್ಕೆ ಹಾಕಿದರೆ ಲೆನ್ಸು ಸುಮ್ಮನೆ ಕುಳಿತಿರುತ್ತದೆ.

1985ರಲ್ಲಿ ಬಂದ ಮಿನೋಲ್ಟಾ 7000, 1986ರಲ್ಲಿ ಬಂದ ನಿಕಾನ್ ಎಫ್-501 ಈ ಪದ್ಧತಿಯವು. ಕ್ಯಾನನ್ ಸಂಸ್ಥೆಯಾದರೋ 1987ರಲ್ಲಿ ಇ.ಎಫ್. ಎಂಬ ಹೊಸ ಜೋಡಣೆಯನ್ನು ತಂದು, ಮೋಟಾರನ್ನು ಲೆನ್ಸಿನೊಳಗೇ ಇರಿಸಿತು. ಆ ಒಂದು ನಿರ್ಧಾರದ ಫಲವಾಗಿ 1987ರ ಕ್ಯಾನನ್ ಇ.ಎಫ್. ಲೆನ್ಸು ಇ.ಓ.ಎಸ್. ಡಿಜಿಟಲ್ ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ತಾನಾಗಿಯೇ ಫೋಕಸ್ ಮಾಡುತ್ತದೆ. 2018ರಲ್ಲಿ ಬಂದ ಅಡಾಪ್ಟರಿನ ಮೂಲಕ ಕನ್ನಡಿಯಿಲ್ಲದ ಆರ್ ಶ್ರೇಣಿಯ ಕ್ಯಾಮೆರಾಗಳಲ್ಲಿಯೂ ಮಾಡುತ್ತದೆ. ಅದಕ್ಕೂ ಹಿಂದಿನ ಎಫ್.ಡಿ. ಲೆನ್ಸುಗಳಿಗೆ ಮಾತ್ರ ಈ ಭಾಗ್ಯವಿಲ್ಲ.

ನಿಕಾನ್ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 1959ರಿಂದ ಬಂದ ಎಫ್ ಜೋಡಣೆಯೇ ಮುಂದುವರಿದಿರುವುದರಿಂದ ಹಳೆಯ ಆಟೊಫೋಕಸ್ ಲೆನ್ಸು ಹೊಸ ಡಿಜಿಟಲ್ ಎಸ್.ಎಲ್.ಆರ್.ನಲ್ಲಿ ಸರಿಯಾಗಿಯೇ ಕೂರುತ್ತದೆ. ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆಂದು ತಿಳಿಯಬಾರದು. ಡಿ-90, ಡಿ-7000, ಡಿ-7500, ಡಿ-750ರಂಥ ಕ್ಯಾಮೆರಾಗಳಲ್ಲಿ ಮೋಟಾರಿದೆ. 2006ರ ಡಿ-40, ಆ ಬಳಿಕ ಕಡಿಮೆ ಬೆಲೆಗೆ ಬಂದ ಡಿ-3000 ಮತ್ತು ಡಿ-5000 ಸಾಲಿನ ಕ್ಯಾಮೆರಾಗಳಲ್ಲಿ ಇಲ್ಲ. ಹೊಸಬರು ಕೊಳ್ಳುವುದು ಹೆಚ್ಚಾಗಿ ಈ ಅಗ್ಗದ ಕ್ಯಾಮೆರಾಗಳನ್ನೇ ಎಂಬುದು ಇಲ್ಲಿಯ ತೊಡಕು. ಅವುಗಳಲ್ಲಿ ಕೈಯಿಂದ ಉಂಗುರ ತಿರುಗಿಸಿ, ಒಳಗೆ ಕಾಣುವ ಹಸಿರು ಚುಕ್ಕೆಯನ್ನು ನಂಬಿ ಫೋಕಸ್ ಮಾಡಬೇಕು. ಕನ್ನಡಿಯಿಲ್ಲದ ಝಡ್ ಕ್ಯಾಮೆರಾಕ್ಕಾಗಿ 2018ರಲ್ಲಿ ನಿಕಾನ್ ತಂದ ಎಫ್.ಟಿ.ಝಡ್. ಅಡಾಪ್ಟರಿನಲ್ಲಿಯೂ ಮೋಟಾರಿಲ್ಲ.

ಗುರುತಿಸುವುದು ಕಷ್ಟವಲ್ಲ. ನಿಕಾನ್ ಲೆನ್ಸಿನ ಮೇಲೆ ಎ.ಎಫ್.-ಎಸ್. ಎಂದಿದ್ದರೆ ಮೋಟಾರು ಒಳಗಿದೆ, ಬರಿಯ ಎ.ಎಫ್. ಅಥವಾ ಎ.ಎಫ್.-ಡಿ. ಎಂದಿದ್ದರೆ ಇಲ್ಲ. ಹಿಂಬದಿಯ ಲೋಹದ ಉಂಗುರದಲ್ಲಿ ಸೀಳಿರುವ ಸ್ಕ್ರೂ ತಲೆಯಂತಹುದು ಕಂಡರೆ ಅದು ಕ್ಯಾಮೆರಾದ ಕಡ್ಡಿಗಾಗಿ ಕಾಯುತ್ತಿರುವ ಲೆನ್ಸೆಂದು ತಿಳಿಯಿರಿ. ಇಂಥ ಲೆನ್ಸಿನಲ್ಲಿ ಅಪರ್ಚರ್ ಉಂಗುರವಿದ್ದರೆ ಅದನ್ನು 16 ಅಥವಾ 22 ಎಂಬ ಕೊನೆಯ ಅಂಕಿಗೆ ತಿರುಗಿಸಿ ಬೀಗ ಹಾಕಬೇಕು. ಹಾಗೆ ಮಾಡದಿದ್ದರೆ ಡಿಜಿಟಲ್ ಕ್ಯಾಮೆರಾ ದೋಷ ತೋರಿಸಿ ನಿಂತುಬಿಡುತ್ತದೆ. ಲೆನ್ಸು ಕೆಟ್ಟಿದೆಯೆಂದು ಆಗ ಗಾಬರಿಯಾಗಬೇಕಿಲ್ಲ.

ಮಿನೋಲ್ಟಾದ ಉತ್ತರಾಧಿಕಾರವನ್ನು 2006ರಲ್ಲಿ ಸೋನಿ ವಹಿಸಿಕೊಂಡಿತು. ಆದುದರಿಂದ ಆ ಲೆನ್ಸುಗಳು ಸೋನಿಯ ಎ ಜೋಡಣೆಯ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುತ್ತವೆ. 2020ರಲ್ಲಿ ಬಂದ ಎಲ್.ಎ.-ಇ.ಎ.5 ಅಡಾಪ್ಟರಿನಲ್ಲಿ ಮೋಟಾರಿದ್ದರೂ, ಸೋನಿಯ ಕೆಲವು ಕ್ಯಾಮೆರಾಗಳಲ್ಲಿ ಮಾತ್ರ ಅದು ಈ ಲೆನ್ಸುಗಳನ್ನು ತಿರುಗಿಸುತ್ತದೆ. ಹಣ ಕೊಡುವ ಮುನ್ನ ಪಟ್ಟಿ ನೋಡಿಕೊಳ್ಳುವುದು ಲೇಸು. ಬೇರೆ ಕಂಪನಿಗಳು ಕ್ಯಾನನ್ನಿಗೆಂದು ಮಾಡಿದ ಲೆನ್ಸುಗಳ ವಿಷಯದಲ್ಲಿಯೂ ಜಾಗ್ರತೆ ಬೇಕು. ಹಳೆಯ ಸಿಗ್ಮಾ ಲೆನ್ಸುಗಳಲ್ಲಿ ಕೆಲವು ಅಪರ್ಚರ್ ಪೂರ್ತಿ ತೆರೆದಾಗ ಚಿತ್ರ ಕೊಟ್ಟು, ಕಿರಿದು ಮಾಡಿದೊಡನೆ ಡಿಜಿಟಲ್ ಕ್ಯಾಮೆರಾದಲ್ಲಿ ದೋಷ ತೋರಿಸುತ್ತವೆ.

ಜೋಡಣೆ ಸರಿಹೋದ ಮೇಲೂ ಲೆನ್ಸಿನ ಆರೋಗ್ಯ ನೋಡಬೇಕು. ಬೀರುವಿನಲ್ಲಿ ಹಲವು ಮಳೆಗಾಲ ಕಳೆದ ಲೆನ್ಸಿನೊಳಗೆ ಬೂಷ್ಟು ಬೆಳೆದಿರುವುದು ಸಾಮಾನ್ಯ. ಟಾರ್ಚಿನ ಬೆಳಕು ಹಾಯಿಸಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅಪರ್ಚರ್ ರೆಕ್ಕೆಗಳಿಗೆ ಎಣ್ಣೆ ಹತ್ತಿದ್ದರೆ ಅವು ತಡವಾಗಿ ಮುಚ್ಚಿ ಚಿತ್ರ ಬೆಳ್ಳಗಾಗುತ್ತದೆ. ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಅದು ಬಲ್ಲವರ ಕೆಲಸ. ಚೆನ್ನಾಗಿರುವ ಲೆನ್ಸನ್ನು ತೇವ ಹಿಡಿಯುವ ಚರ್ಮದ ಚೀಲದಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.

ಫಲವೇನು ಎಂದು ಕೇಳಬಹುದು. ಆ ಕಾಲದ ಸಾಮಾನ್ಯ 50 ಮಿ.ಮೀ., ಎಫ್ 1.8 ಲೆನ್ಸನ್ನೇ ನೋಡಿ. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದರ ನೋಟ ಕಿರಿದಾಗುತ್ತದೆ: ನಿಕಾನಿನಲ್ಲಿ 75, ಕ್ಯಾನನ್ನಿನಲ್ಲಿ 80 ಮಿ.ಮೀ. ಲೆನ್ಸಿನ ನೋಟ. ಚಿಕ್ಕ ಪಡಸಾಲೆಯಲ್ಲಿ ಇಡೀ ಕುಟುಂಬವನ್ನು ಅದರಲ್ಲಿ ಹಿಡಿಯಲಾಗದು. ಆದರೆ ಮಂದ ಬೆಳಕಿನ ಮಂಟಪದಲ್ಲಿ ಫ್ಲಾಶ್ ಹೊಡೆಯದೆ ವಧುವಿನ ಮುಖವನ್ನೋ ಮಗುವಿನ ನಗುವನ್ನೋ ಹಿಡಿಯಲು ಅದು ಬಹಳ ಒದಗುತ್ತದೆ. ಅಪರ್ಚರ್ ಪೂರ್ತಿ ತೆರೆದಾಗ ಚಿತ್ರ ಸ್ವಲ್ಪ ಮೃದುವಾಗಿ ಕಂಡರೆ ಎರಡು ಹಂತ ಕಿರಿದು ಮಾಡಿ ನೋಡಬೇಕು. ಮುಂಜಾವಿನಲ್ಲಿ ಬೇತಮಂಗಲದ ಕೆರೆಯ ಏರಿಯ ಮೇಲೆ ನಿಂತು ಸೂರ್ಯನಿಗೆದುರಾಗಿ ಚಿತ್ರ ತೆಗೆಯುವವರು ಲೆನ್ಸಿಗೆ ಹುಡ್ ಹಾಕಿಕೊಳ್ಳಲಿ. ಫಿಲ್ಮಿಗಿಂತ ಸೆನ್ಸರು ಹೆಚ್ಚು ಹೊಳಪಿನದಾದುದರಿಂದ ಹಳೆಯ ಗಾಜಿನಲ್ಲಿ ಬೆಳಕು ಮರುಹೊಳೆದು ಕಲೆಗಳು ಮೂಡುವುದುಂಟು.

ಕ್ಯಾಮೆರಾ ಕೊಳ್ಳಲು ಬೆಂಗಳೂರಿಗೆ ಹೊರಡುವ ಮಕ್ಕಳಿಗೆ ನಮ್ಮ ಸೂಚನೆ ಇಷ್ಟೇ: ಬರಿಗೈಯಲ್ಲಿ ಹೋಗದೆ ಮನೆಯ ಲೆನ್ಸನ್ನು ಒಯ್ಯಿರಿ. ಅಂಗಡಿಯಲ್ಲಿಯೇ ಕ್ಯಾಮೆರಾಕ್ಕೆ ಹಾಕಿಸಿ, ಅಪರ್ಚರ್ ತೆರೆದು ಒಮ್ಮೆ, 8ಕ್ಕೆ ಇಟ್ಟು ಒಮ್ಮೆ ಚಿತ್ರ ತೆಗೆದು, ಹಿಗ್ಗಿಸಿ ನೋಡಿ. ಹೊಸ ಅಗ್ಗದ ಕ್ಯಾಮೆರಾಕ್ಕಿಂತ ಮೋಟಾರಿರುವ, ಒಬ್ಬರು ಬಳಸಿದ ಕ್ಯಾಮೆರಾ ನಿಮಗೆ ಹೆಚ್ಚು ಒದಗಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲವಾದಂತೆ, ಹಳೆಯದೆಲ್ಲ ಕಸವೂ ಅಲ್ಲ. ಹಿರಿಯರಲ್ಲಿಯೂ ಒಂದು ವಿನಂತಿ: ಬೀರುವಿನ ಬಾಗಿಲು ತೆರೆದು, ಆ ಲೆನ್ಸನ್ನು ಮಕ್ಕಳ ಕೈಗೆ ಕೊಟ್ಟು, ಬೆಳಕನ್ನು ನೋಡುವ ಬಗೆಯನ್ನೂ ಜೊತೆಗೆ ಹೇಳಿಕೊಡಿ. ಆ ಪಾಠ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.