ಮಗಳಿಂಗೆ ಮನೆ ಇದ್ದು, ನೀರಿನ ಮೇಲೆ ಇದ್ದು

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ಸುರುವಿಂಗೆ ಎನ್ನ ಒಂದು ತಪ್ಪು ಒಪ್ಪಿಗೊಳ್ತೆ. ಕಳುದ ಎಪ್ರಿಲಿಲಿ ಒಂದು ಉಪ್ನಯನದ ಮನೆಲಿ ಊಟಕ್ಕೆ ಕೂದಿಪ್ಪಗ, "ನಿನ್ನ ಮಗಳು ಇಂಗ್ಲೆಂಡಿಲಿ ಮನೆ ತೆಕ್ಕೊಂಡತ್ತಾ?" ಹೇಳಿ ಹತ್ತರೆ ಕೂದ ದೊಡ್ಡಮ್ಮ ಕೇಳಿದವು. ಆನು ಹೋಳಿಗೆ ಮುರುದುಗೊಂಡು, "ನೀರ ಕರೆಲಿ ಒಂದು ಫ್ಲಾಟು ಇದ್ದು ದೊಡ್ಡಮ್ಮ" ಹೇಳಿದೆ. ನೀರ ಕರೆ ಹೇಳಿದ್ದು ಸತ್ಯ. ಫ್ಲಾಟು ಹೇಳಿದ್ದು ಶುದ್ಧ ಲೊಟ್ಟೆ. ಮಗಳುದೆ ಅಳಿಯನುದೆ ಇಪ್ಪದು ದೋಣಿಲಿ. ರಜೆಲಿ ಎರಡು ದಿನ ಮೋಜಿಂಗೆ ಇಪ್ಪದಲ್ಲ, ಮೂರು ವರ್ಷಂದ ಅಡಿಗೆ, ಒರಕ್ಕು, ಆಪೀಸು ಕೆಲಸ, ಜಗಳ ಎಲ್ಲವೂ ಅದರಲ್ಲೇ.

ಎಂತಕೆ ಲೊಟ್ಟೆ ಹೇಳಿದೆ ಹೇಳಿರೆ, ನಿಂಗಳ "ಪಾಪ"ಕ್ಕೆ ಹೆದರಿ. ಓದಿಸಿ, ಚಿನ್ನ ಹಾಕಿ ಮದುವೆ ಮಾಡಿ ಕೊಟ್ಟ ಕೂಸು ಕಡೆಂಗೆ ದೋಣಿಲಿ ಇಪ್ಪ ಹಾಂಗಾತಾ ಹೇಳಿ ನಿಂಗೊ ಕೇಳುವಿ ಹೇಳಿ ಎನ್ನ ಗ್ರೇಶಾಣ. ಸತ್ಯ ಹೇಳೆಕ್ಕಾರೆ ಎನಗೂ ಹಾಂಗೇ ಕಂಡುಗೊಂಡಿತ್ತು. ಫೋನಿಲಿ ಸಿಕ್ಕಿರೆ ಸಾಕು, "ಮನೆ ಏವಗ ಮಾಡ್ತಿ?" ಹೇಳುವದು ಬಿಟ್ಟರೆ ಎನಗೆ ಬೇರೆ ಮಾತು ಇತ್ತಿಲ್ಲೆ. ಸೆಪ್ಟೆಂಬರಿಂಗೆ ಹೋದೆ, ನವೆಂಬರು ಅಕೇರಿವರೆಗೆ ಆ ದೋಣಿಲೇ ಇದ್ದು ಬಂದೆ. ಈಗ ಎನ್ನ ಅಭಿಪ್ರಾಯ ಬದಲಿದ್ದು. ಪೂರಾ ಅಲ್ಲ, ಮುಕ್ಕಾಲುವಾಶಿ.

ದೋಣಿ ಹೇಳಿರೆ ನಮ್ಮ ನೇತ್ರಾವತಿಲಿ ಹೊಯಿಗೆ ತೆಗೆತ್ತ ದೋಣಿ ಅಲ್ಲ. ಅದಕ್ಕೆ ಅಲ್ಲಿ ನ್ಯಾರೋಬೋಟು ಹೇಳ್ತವು. ಕಬ್ಬಿಣದ್ದು, ಡೀಸೆಲ್ ಇಂಜಿನು. ಅಗಲ 6 ಅಡಿ 10 ಇಂಚು. ಇವರದ್ದರ ಉದ್ದ 50 ಅಡಿ. ನಮ್ಮ ಪುತ್ತೂರು-ಮಂಗ್ಳೂರು ಬಸ್ಸಿಂದ ಸಪೂರ, ಬಸ್ಸಿಂದ ಉದ್ದ. ಆ ದೇಶದ ಸುಮಾರು ಹಳೇ ಕಾಲುವೆಗಳ ಲಾಕು 7 ಅಡಿ ಅಗಲಕ್ಕೆ ಕಟ್ಟಿದ್ದು, ಹಾಂಗಾಗಿ ದೋಣಿದೆ ಅಷ್ಟೇ. ಒಬ್ಬ ಒಲೆ ಹತ್ತರೆ ನಿಂದರೆ ಇನ್ನೊಬ್ಬ ಅಡ್ಡ ತಿರುಗಿ ದಾಂಟೆಕ್ಕು. ಇವು ಇಪ್ಪದು ಕೆನೆಟ್ ಆಂಡ್ ಏವನ್ ಹೇಳ್ತ ಕಾಲುವೆಲಿ. ರೆಡಿಂಗಿಂದ ಬ್ರಿಸ್ಟಲಿಂಗೆ 87 ಮೈಲು, ನಮ್ಮ ಲೆಕ್ಕಲ್ಲಿ 140 ಕಿಲೋಮೀಟರು. ಜಾನ್ ರೆನ್ನಿ ಹೇಳ್ತ ಇಂಜಿನಿಯರು ಮಾಡ್ಸಿದ್ದು, 1810ರಲ್ಲಿ ಪೂರ್ತಿ ಆದ್ದು. ರೈಲು ಬಂದ ಮತ್ತೆ ಹಾಳು ಬಿದ್ದು, ಜೆನಂಗಳೇ ಮಣ್ಣು ಹೊತ್ತು ರಿಪೇರಿ ಮಾಡಿ, 1990ರಲ್ಲಿ ರಾಣಿ ಎಲಿಜಬೆತ್ ಬಂದು ಪುನಃ ಶುರುಮಾಡಿದವಡ. ಗಂಟೆಗೆ 4 ಮೈಲಿಂದ ಹೆಚ್ಚು ಓಡ್ಸುಲಾಗ. ನಮ್ಮ ಅಜ್ಜಂದ್ರು ತೋಟಕ್ಕೆ ಹೋಪ ವೇಗ ಅದು.

ಸ್ವಂತ ಕಟ್ಟುವ ಜಾಗೆ ಇಲ್ಲದ್ದವು ಒಂದೇ ಕಡೆ 14 ದಿನಂದ ಹೆಚ್ಚು ನಿಂಬಲಾಗ ಹೇಳಿ 1995ರ ಒಂದು ಕಾನೂನು ಇದ್ದು. ಲೈಸೆನ್ಸಿಂಗೆ ಪೈಸೆ ಕಟ್ಟೆಕ್ಕು, ಕಟ್ಟಿಯೂ ತಿರುಗಿಗೊಂಡೇ ಇರೆಕ್ಕು. ಮಗಳು ಬಳ್ಳಿ ಬಿಡ್ಸಿ, ಕಬ್ಬಿಣದ ಗೂಟ ಕಿತ್ತು, ದೋಣಿಗೆ ಹಾರಿ ಹತ್ತುವದರ ಸುರುವಾಣ ದಿನ ನೋಡಿಪ್ಪಗ ಎನ್ನ ಎದೆ ಢವ ಢವ. ಮನೆಲಿ ಇಪ್ಪಗ ಜಾಲಿನ ಮೆಟ್ಲು ಇಳಿವಲೆ ಸೋಂಬೇರಿತನ ಮಾಡಿಗೊಂಡಿದ್ದ ಕೂಸು ಇದು!

ನೀರಿನ ಶುದ್ದಿ ಹೇಳದ್ದೆ ಆಗ. ಟೇಂಕಿಲಿ 400 ಲೀಟರು ಹಿಡಿತ್ತು. ಅವಕ್ಕಿಬ್ರಿಂಗೆ ಹತ್ತು ದಿನಕ್ಕೆ ಬತ್ತು. ಆನು ಹೋಗಿ ನಾಲ್ಕೇ ದಿನಲ್ಲಿ ಖಾಲಿ ಮಾಡಿ ಕೊಟ್ಟೆ. ಅಕ್ಕಿ ಮೂರು ಸರ್ತಿ ತೊಳವದು, ತೊಳದ ಪಾತ್ರವ ಮನಸ್ಸಮಾಧಾನಕ್ಕೆ ಇನ್ನೊಂದರಿ ತೊಳವದು, ನಳ್ಳಿ ಬಿಟ್ಟೊಂಡೇ ಕೈಕ್ಕಾಲು ತೊಳವದು, ನಮ್ಮ ಅಭ್ಯಾಸ ನಿಂಗೊಗೆ ಗೊಂತಿದ್ದನ್ನೆ. ನಾಲ್ಕನೇ ದಿನ ಹೊತ್ತೋಪಗ ಪಂಪು ಕರಕರ ಹೇಳಿ ಬರೀ ಗಾಳಿ ಬಂತು. ಮರದಿನ ಉದಿಯಪ್ಪಗ ಜಡಿಮಳೆಲಿ ಎರಡು ಗಂಟೆ ದೋಣಿ ನೆಡೆಶಿ, ನೀರಿನ ನಳ್ಳಿ ಇಪ್ಪಲ್ಲಿಗೆ ಹೋಗಿ ಪೈಪು ಹಾಕೆಕ್ಕಾತು. ಅಳಿಯ ಚೆಂಡಿ ಆಗಿ ಬಂದ, ಒಂದು ಮಾತು ಹೇಳಿದ್ದಾಯಿಲ್ಲೆ. ಹೇಳಿದ್ದರೆ ಎನಗೆ ಇಷ್ಟು ನಾಚಿಕೆ ಆವ್ತಿತ್ತಿಲ್ಲೆ. ಪಾತ್ರ ತೊಳದ ನೀರುದೆ ಸೀದಾ ಕಾಲುವೆಗೇ ಹೋಪದು, ಆ ನೀರಿಲಿ ಹಂಸ ಮರಿ ಕಟ್ಟಿಗೊಂಡು ತಿರುಗುತ್ತು. ಅದಕ್ಕೆ ಎಣ್ಣೆ ಪಾತ್ರವ ಸುರುವಿಂಗೆ ಕಾಗದಲ್ಲಿ ಉದ್ದಿ, ಮತ್ತೆ ತೊಳೆಕ್ಕು. ಮನೆಲಿ ಬಾವಿ ಇದ್ದು, ಕೆರೆ ಇದ್ದು, ಬೋರು ಇದ್ದು, ಆದರೂ ಒಂದು ಊಟಕ್ಕೆ ಎಷ್ಟು ನೀರು ಹೋವ್ತು ಹೇಳಿ ಐವತ್ತೈದು ವರ್ಷಲ್ಲಿ ಎನಗೆ ಗೊಂತಿತ್ತಿಲ್ಲೆ.

ಅಡಿಗೆಯ ಮಾತು ರಜ. ಮಿಕ್ಸಿ ತಿರುಗೆಕ್ಕಾರೆ ಬೇಟರಿ ತುಂಬಿರೆಕ್ಕು, ಅಲ್ಲದ್ರೆ ಇಂಜಿನು ಓಡೆಕ್ಕು. ಮಾಡಿನ ಮೇಲೆ ಸೋಲಾರು ಇದ್ದು, ಆದರೆ ನವೆಂಬರಿಲಿ ಸೂರ್ಯನೇ ಮೋರೆ ತೋರ್ಸುತ್ತಿಲ್ಲೆ, ನಾಲ್ಕು ಗಂಟೆ ಕಳುದರೆ ಕಸ್ತಲೆ. ಇರುಳು ಎಂಟರಿಂದ ಉದಿಯಪ್ಪಗ ಎಂಟರವರೆಗೆ ದೋಣಿ ಕಟ್ಟಿದಲ್ಲಿ ಇಂಜಿನು ಓಡ್ಸುಲಾಗ, ಹತ್ತರಾಣವಕ್ಕೆ ಒರಗೆಕ್ಕನ್ನೆ. ಹಾಂಗಾಗಿ ಎನ್ನ ಮೇಲಾರಕ್ಕೆ ಕಾಯಿ ಕಡವ ಹೊತ್ತಿನ ಇಂಗ್ಲೆಂಡಿನವು ನಿಘಂಟು ಮಾಡಿದವು! ದೋಸೆ ಹಿಟ್ಟು ಮಾಂತ್ರ ಕಲ್ಲಿದ್ದಲಿನ ಒಲೆಯ ಕರೆಲಿ ಮಡುಗಿರೆ ಊರಿಂದಲೂ ಲಾಯಕ ಹುಳಿ ಬತ್ತು.

ಇನ್ನು ನಾವು ಆರೂ ಬಾಯಿಬಿಟ್ಟು ಮಾತಾಡದ್ದ ಶುದ್ದಿ. ದೋಣಿಯ ಕಕ್ಕಸಿನಡಿಲಿ ಒಂದು ಡಬ್ಬಿ ಇರ್ತು, ಸುಮಾರು 20 ಲೀಟರಿಂದು. ಮೂರು ಜೆನ ಇದ್ದರೆ ಎರಡು ಮೂರು ದಿನಲ್ಲಿ ತುಂಬುತ್ತು. ಅದರ ಹೊತ್ತೊಂಡು ಹೋಗಿ ಎಲ್ಸನ್ ಹೇಳ್ತ ಜಾಗೆಲಿ ಖಾಲಿ ಮಾಡಿ, ತೊಳದು ತರೆಕ್ಕು. ಸುರುವಾಣ ಸರ್ತಿ ಅಳಿಯ ಅದರ ಹಿಡ್ಕೊಂಡು ಹೆರಟಪ್ಪಗ ಎನಗೆ ನೆಲ ಬಾಯಿ ಬಿಡ್ಲಾಗದಾ ಹೇಳಿ ಆತು. ಅತ್ತೆಯ ಕಕ್ಕಸು ಅಳಿಯ ತೊಳವದು! ಆನು ಕೊಡು ಹೇಳಿ ಕೈ ಹಾಕಿದೆ. ಅವ ನೆಗೆಮಾಡಿಗೊಂಡು, "ಅತ್ತೇ, ಈ ವಾರ ಎನ್ನ ಸರದಿ, ಬಪ್ಪ ವಾರ ನಿಂಗಳ ಮಗಳಿಂದು" ಹೇಳಿದ.

ಎನ್ನ ಅಭಿಪ್ರಾಯ ತಿರುಗಿದ್ದು ಇಲ್ಲಿಯೇ. ನಮ್ಮ ಮನೆ ಗೆಂಡುಮಕ್ಕೊ ಕೆಟ್ಟವು ಹೇಳಿ ಆನು ಹೇಳ್ತಿಲ್ಲೆ. ಆದರೆ ಅವರ ಪಾಲಿಂಗೆ ಬಾನಿಲಿ ನೀರು ತನ್ನಷ್ಟಕ್ಕೇ ತುಂಬುತ್ತು, ಒಲೆಬುಡದ ಬೂದಿ ತನ್ನಷ್ಟಕ್ಕೇ ಮಾಯ ಆವ್ತು, ಕಕ್ಕಸು ಹುಟ್ಟುವಗಳೇ ಬೆಳೀ ಇದ್ದತ್ತು. ಮನೆ ದೊಡ್ಡ ಆದಷ್ಟು ಹೆಮ್ಮಕ್ಕಳ ಕೆಲಸ ಮೂಲೆ ಮೂಲೆಲಿ ಹುಗ್ಗುತ್ತು. ದೋಣಿಲಿ ಹುಗ್ಗುಲೆ ಮೂಲೆಯೇ ಇಲ್ಲೆ. ನೀರು ಮುಗುದರೆ ಇಬ್ರಿಂಗೂ ಮುಗಿತ್ತು. ಬೂದಿ ತೆಗೆಯದ್ರೆ ಇಬ್ರಿಂಗೂ ಚಳಿ. ನಾಲ್ಕು ಕೋಣೆಯ ಮನೆ ಇಪ್ಪ ಎನಗೆ ಸಿಕ್ಕದ್ದ ಸುಖ ಒಂದು ಮಗಳಿಂಗೆ ಆ ಸಪೂರ ಡಬ್ಬಿಲಿ ಸಿಕ್ಕಿದ್ದು, "ಆನು ಮಾಡಿದ್ದು ಕಂಡತ್ತಾ?" ಹೇಳಿ ಅದು ಆರತ್ರೂ ಕೇಳೆಕ್ಕಾಯಿದಿಲ್ಲೆ.

ದೋಣಿ ಆದ ಕಾರಣ ಎಲ್ಲ ಸರಿ ಆವ್ತು ಹೇಳಿಯೂ ಅಲ್ಲ ಮತ್ತೆ. ಡಿವೈಸಸ್ ಹೇಳ್ತ ಊರಿಲಿ ಕೇನ್ ಹಿಲ್ ಹೇಳಿ ಒಂದು ಗುಡ್ಡೆ ಇದ್ದು. ಎರಡು ಮೈಲಿಲಿ 29 ಲಾಕು, ಅದರಲ್ಲಿ 16 ಒಂದರ ಮೇಲೆ ಒಂದು ಮೆಟ್ಲಿನ ಹಾಂಗೆ. ಲಾಕು ಹೇಳಿರೆ, ನಾವು ತೋಡಿಂಗೆ ಕಟ್ಟ ಕಟ್ಟುತ್ತನ್ನೆ, ಅದಕ್ಕೆ ಎರಡೂ ಹೊಡೆಲಿ ಬಾಗಿಲು ಮಡುಗಿದ ಹಾಂಗೆ. ದೋಣಿ ಒಳ ಹಾಕಿ, ಬಾಗಿಲು ಮುಚ್ಚಿ, ನೀರು ಬಿಟ್ಟು ಇಳಿಶುದು. ಬಾಗಿಲಿನ ಮರದ ತೊಲೆಯ ಬೆನ್ನು ಕೊಟ್ಟು ನೂಕೆಕ್ಕು. ಇಡೀ ದಿನ ಮಗಳು ನೂಕಿತ್ತು, ಆನುದೆ ನೂಕಿದೆ. ಇಳುದಾಯೆಕ್ಕಾರೆ ಆರು ಗಂಟೆ ಹಿಡುದತ್ತು, ಸೊಂಟ ಸೊಂಟ ಆಗಿ ಒಳುದ್ದಿಲ್ಲೆ. ಅಲ್ಲಿ ನೆಡಕ್ಕೊಂಡು ಹೋಪ ಜೆನಂಗೊ ಅಳಿಯ ಚುಕ್ಕಾಣಿ ಹಿಡ್ಕೊಂಡು ನಿಂದದರ ನೋಡಿ ಅವನತ್ರೆ "ಚೆಂದ ದೋಣಿ" ಹೇಳಿಗೊಂಡು ಹೋದವು. ನೂಕಿದ್ದು ಆರು?

ಇದು ಹೊಸತ್ತಲ್ಲಡ. ಹಿಂದೆ ಇದೇ ನಮೂನೆ ದೋಣಿಲಿ ಕಲ್ಲಿದ್ದಲು ಸಾಗ್ಸಿಗೊಂಡಿದ್ದವು. ರೈಲಿನ ಪೈಪೋಟಿಲಿ ಬಾಡಿಗೆ ಇಳುದಪ್ಪಗ, ಹಲವು ಜೆನ ಮನೆ ಬಿಟ್ಟು ಹೆಂಡತಿ ಮಕ್ಕಳ ದೋಣಿಗೇ ಕರಕ್ಕೊಂಡು ಬಂದವು. ಹಿಂದಾಣ 10 ಅಡಿ ಉದ್ದದ ಗೂಡಿಲಿ ಇಡೀ ಸಂಸಾರ. ಹೆಮ್ಮಕ್ಕೊ ಚುಕ್ಕಾಣಿ ಹಿಡಿವದು, ಲಾಕು ತೆಗವದು, ಹೆರುವದು, ಮಕ್ಕಳ ನೀರಿಂಗೆ ಬೀಳದ್ದ ಹಾಂಗೆ ನೋಡುವದು. ಸಂಬಳ ಗೆಂಡನ ಕೈಗೆ. ಮಾಡಿನ ಮೇಲೆ ಹೂಗಿನ ಚಿತ್ರ ಬರದ ನೀರಿನ ಕೊಡಪ್ಪಾನ ಮಡುಗಿಗೊಂಡಿದ್ದವು, ಬಕ್ಬಿ ಕ್ಯಾನ್ ಹೇಳಿ ಹೆಸರು, ಈಗಳೂ ಶೋಕಿಗೆ ಮಡುಗುತ್ತವು. ಎರಡನೇ ಮಹಾಯುದ್ಧದ ಕಾಲಲ್ಲಿ ಜೆನ ಸಾಲದ್ದೆ ಪೇಟೆಯ ಕೂಸುಗೊಕ್ಕೆ ಕಲುಶಿ ಲಂಡನಿಂದ ಬರ್ಮಿಂಗ್‌ಹ್ಯಾಮಿಂಗೆ ಸಾಮಾನು ಸಾಗ್ಸಿದವು. ಇನ್‌ಲ್ಯಾಂಡ್ ವಾಟರ್‌ವೇಸ್ ಹೇಳಿ ಅವರ ಬಿಲ್ಲೆಲಿ ಐ, ಡಬ್ಲ್ಯೂ ಹೇಳಿ ಎರಡಕ್ಷರ ಇತ್ತು. ಅದರ ಜೆನ "ಐಡಲ್ ವಿಮೆನ್", ಹೇಳಿರೆ ಕೆಲಸ ಇಲ್ಲದ್ದೆ ಕೂದ ಹೆಮ್ಮಕ್ಕೊ ಹೇಳಿ ಓದಿ ನೆಗೆ ಮಾಡಿದವಡ. ಟನ್ನುಗಟ್ಲೆ ಕಬ್ಬಿಣ ಸಾಗ್ಸಿದವಕ್ಕೆ ಸಿಕ್ಕಿದ ಹೆಸರು ಇದು. ಕೇಳಿಪ್ಪಗ ಎನಗೆ ನಮ್ಮ "ಮನೆಲೇ ಇಪ್ಪದು, ಎಂತ ಕೆಲಸ ಇಲ್ಲೆ" ನೆಂಪಾತು.

ಈಗ ಹೇಳುಲೆ ಕಷ್ಟ ಅಪ್ಪ ಶುದ್ದಿ. ನವೆಂಬರಿಲಿ ಒಂದು ದಿನ ಮಗಳು ಪೇಟೆಗೆ ಹೋಗಿತ್ತು, ಅಳಿಯ ಆಪೀಸಿಂಗೆ. ಬಾಗಿಲ ಕೆಳ ಎರಡು ಗಾಳಿ ಕಿಂಡಿ ಇದ್ದು, ಅದರಲ್ಲಿ ಚಳಿಗಾಳಿ ಕಾಲಿಂಗೆ ಬತ್ತು. ಮಗಳು ಸುರುವಾಣ ದಿನವೇ "ಅಮ್ಮ, ಇದರ ಮುಚ್ಚುಲಾಗ" ಹೇಳಿತ್ತು. ಈ ಮಕ್ಕೊಗೆ ಚಳಿ ಹೇಂಗೆ ತಡವದು ಹೇಳಿ ಗೊಂತಿಲ್ಲೆ ಹೇಳಿ ಗ್ರೇಶಿಗೊಂಡು, ಆನು ಹಳೇ ಶಾಲು ಹರುದು ಕಿಂಡಿಗೆ ತುರ್ಕಿದೆ. ಬೂದಿ ತೆಗೆಯದ್ದೆ ಒಲೆಗೆ ಕಲ್ಲಿದ್ದಲು ತುಂಬ್ಸಿದೆ. ಬೆಶ್ಚಂಗೆ ಆತು, ತಲೆ ರಜ ಭಾರ ಆತು, ಒರಕ್ಕು ತೂಗಿತ್ತು. ಗೋಡೆಲಿಪ್ಪ ಒಂದು ಪೆಟ್ಟಿಗೆ ಕೀಂ ಕೀಂ ಹೇಳಿ ಬೊಬ್ಬೆ ಹಾಕುಲೆ ಸುರುಮಾಡಿತ್ತು. ಆನೆಂತ ಮಾಡಿದೆ ಗೊಂತಿದ್ದಾ? ಅದರ ತೆಗದು ತಲೆಕೊಂಬಿನ ಅಡಿಲಿ ಮಡುಗಿದೆ.

ಅಷ್ಟಪ್ಪಗ ಹತ್ತರಾಣ ದೋಣಿಯ ಅಜ್ಜಿಗೆ ಆ ಶಬ್ದ ಕೇಳಿದ್ದು ಎನ್ನ ಪುಣ್ಯ. ಮಾಡಿಂಗೆ ಬಡುದು, ಬಾಗಿಲು ತೆಗದು, ಎನ್ನ ಕೈ ಹಿಡುದು ಹೆರ ಎಳದವು. ಕರೆಲಿ ಹುಲ್ಲಿನ ಮೇಲೆ ಕೂರ್ಸಿ ಅವರ ಕೋಟು ಹೊದೆಶಿದವು. ಅದು ಕಾರ್ಬನ್ ಮೋನಾಕ್ಸೈಡು. ಬಣ್ಣ ಇಲ್ಲೆ, ವಾಸನೆ ಇಲ್ಲೆ, ಒರಕ್ಕಿಲೇ ಕರಕ್ಕೊಂಡು ಹೋಪಂಥದ್ದು. ಒಳ ಒರಗುವ ವ್ಯವಸ್ಥೆ ಇಪ್ಪ ದೋಣಿಗೊಕ್ಕೆ ಆ ಪೆಟ್ಟಿಗೆ 2019ರಿಂದ ಕಡ್ಡಾಯ. ಮಗಳು ಬಂದು ಎನ್ನ ಬೈಯಲಿಲ್ಲೆ. ಕಿಂಡಿಂದ ಶಾಲಿನ ತುಂಡು ಒಂದೊಂದೇ ಎಳದು ತೆಗದತ್ತು, ಕೈ ನಡುಗಿಗೊಂಡಿತ್ತು ಅದರದ್ದು. ಇಷ್ಟು ವರ್ಷ "ಅಲ್ಲಿ ಇಪ್ಪದು ಅಪಾಯ" ಹೇಳಿ ಆನು ಅದಕ್ಕೆ ಹೇಳಿಗೊಂಡಿದ್ದದು. ಅದು ಜಾಗ್ರತೆಲೇ ಇತ್ತು, ಅಪಾಯ ಎನ್ನ ಗೊಂತಿಪ್ಪತನಲ್ಲಿ ಇತ್ತು. ಅಕ್ಕಂದ್ರೇ, ನಮ್ಮಲ್ಲಿಯೂ ಈಗ ಮೀವಲೆ ಗ್ಯಾಸ್ ಗೀಸರು ಹಾಕ್ಸಿದವು ಇದ್ದಿ. ಕಿಟಿಕಿ ಇಲ್ಲದ್ದ ಸಣ್ಣ ಕೋಣೆಲಿ ಬಾಗಿಲು ಹಾಕಿ ಅದರ ಹೊತ್ಸಿರೆ ಇದೇ ವಿಷ. ಗೀಸರಿನ ಹೆರ ಮಡುಗಿ, ಕಿಂಡಿ ಮುಚ್ಚೆಡಿ.

ಇನ್ನೊಂದು ಕೇಳಿದಿ ನಿಂಗೊ, ಮೆಸೇಜಿಲಿ. ಅಲ್ಲಿ "ಹೆರ ಕೂಪ" ಮೂರು ದಿನ ಎಂತ ಮಾಡ್ತು ಹೇಳಿ. ಆರಡಿ ಅಗಲದ ಮನೆಲಿ ಹೆರ ಹೇಳಿರೆ ಕಾಲುವೆಗೇ ಹಾರೆಕ್ಕಷ್ಟೆ. ಬೆಶಿನೀರಿನ ಚೀಲ ಹೊಟ್ಟೆಗೆ ಮಡುಗಿಗೊಂಡು ಒಲೆ ಹತ್ತರೆ ಮನುಗುತ್ತು, ಅಳಿಯ ಅಶನ ಸಾರು ಮಾಡ್ತ. ದೇವರ ಪಟ ಎರಡು ಅಡಿ ದೂರಲ್ಲೇ ಇದ್ದು. ಎಂತೂ ಆಯಿದಿಲ್ಲೆ.

ಒಳುದ ಕಾಲುವಾಶಿ ಎನ್ನ ಹೊಟ್ಟೆಲಿಪ್ಪ ಕಿಚ್ಚು ಯಾವದು ಕೇಳಿರೆ, ಮಕ್ಕೊ. ಶಾಲೆ ನಿಂದಲ್ಲಿಯೇ ಇರ್ತು, ದೋಣಿ 14 ದಿನಕ್ಕೆ ಹಂದೆಕ್ಕು. ಕರೆಲಿ ಕಾಲು ಜಾರಿರೆ ನೀರು. ಬಾಳಂತನಕ್ಕೆ ಆನು ಹೋದರೆ ಎಣ್ಣೆ ಕಿಟ್ಟಿ ಮೀಶುಲೆ ಬೆಶಿನೀರು ಎಲ್ಲಿಂದ ತಪ್ಪದು? ಇದರ ಮಗಳತ್ರೆ ಕೇಳಿದೆ. "ಅಮ್ಮ, ಎಂಗಳ ಹತ್ತರಾಣ ದೋಣಿಲಿ ಎರಡು ಮಕ್ಕೊ ದೊಡ್ಡ ಆಯಿದವು, ಇನ್ನೊಂದು ದೋಣಿಯವು ಮಗು ಹುಟ್ಟಿದ ಮತ್ತೆ ಮನೆಗೆ ಹೋದವು. ಎಂಗೊಗೆ ಯಾವದು ಸರಿ ಹೇಳಿ ಆಗ ನೋಡ್ತೆಯೊ" ಹೇಳಿತ್ತು. ಅದಕ್ಕೆ ಎನ್ನತ್ರೆ ಉತ್ತರ ಇತ್ತಿಲ್ಲೆ. ಮೊದಲಾದರೆ ಉತ್ತರ ಇಲ್ಲದ್ರೂ ಮಾತು ಇದ್ದತ್ತು, ಈ ಸರ್ತಿ ಸುಮ್ಮನೆ ಹುರುಳಿಕಾಯಿ ಕೊರದೆ.

ನಿನ್ನೆ ಫೋನು ಮಾಡಿತ್ತು. ಕಾಲುವೆಲಿ ತೆಳೂ ಐಸು ಕಟ್ಟಿದ್ದಡ, ದೋಣಿ ಬಿಟ್ಟರೆ ಐಸು ತಾಗಿ ಅಡಿಯ ಕರಿಬಣ್ಣ ಕೆರದು ಹೋಕು ಹೇಳಿ ಬ್ರಾಡ್‌ಫರ್ಡಿನ ಹತ್ತರೆ ಕಟ್ಟಿ ಕೂಯಿದವು. ಕಲ್ಲಿದ್ದಲು ಮೂರು ಚೀಲ ಇದ್ದಡ. ಎನಗೆ ಈಗ "ಮನೆ ಏವಗ" ಹೇಳುವದರಿಂದ ಮದಲು "ನೀರು ಎಷ್ಟಿದ್ದು?" ಹೇಳಿಯೇ ಬಾಯಿಗೆ ಬಪ್ಪದು.

ದೊಡ್ಡಮ್ಮ, ನಿಂಗೊ ಇದರ ಓದುಗು ಹೇಳಿ ಗೊಂತಿದ್ದು, ಪುಳ್ಳಿ ಓದಿ ಹೇಳುಗು. ಫ್ಲಾಟು ಇಲ್ಲೆ ದೊಡ್ಡಮ್ಮ, ಲೊಟ್ಟೆ ಹೇಳಿದೆ. ಮಾರ್ಚಿಲಿ ಅದು ಬತ್ತು, ನಿಂಗಳಲ್ಲಿಗೆ ಕರಕ್ಕೊಂಡು ಬತ್ತೆ. ಹಲಸಿನ ಹಪ್ಪಳ ಕೊಡ್ತರೆ ಸಣ್ಣ ಕಟ್ಟು ಸಾಕು, ದೊಡ್ಡ ಕಟ್ಟು ಮಡುಗುಲೆ ಅಲ್ಲಿ ಜಾಗೆ ಇಲ್ಲೆ.