ಊರ್ಧ್ವದಿಕ್ಕಿಗೂ ಒಂದು ಮಿತಿ

ಸಿರಿವಂತನೊಬ್ಬನು ಸ್ವಂತ ವಿಮಾನ ಕೊಂಡನೆಂಬ ಸುದ್ದಿ ಬಂದರೆ ನಮ್ಮಲ್ಲಿ ಮೊದಲು ಹುಟ್ಟುವುದು ವಿಸ್ಮಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆ ವಿಸ್ಮಯವನ್ನೇ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಎಣಿಸಿದ್ದಾರೆ. ಆ ಐದರಲ್ಲಿ ಮೊದಲನೆಯದು ಅತಿವಾಹನ. ಆದುದರಿಂದ ಕೊಂಡವನು ಮಾತ್ರವಲ್ಲ, ಬೆರಗಿನಿಂದ ನೋಡುವ ನಾವೂ ಉತ್ತರಿಸಬೇಕಾಗಿದೆ.

ಕಾರು ಇರಬಹುದಾದರೆ ವಿಮಾನವೇಕೆ ಬಾರದು ಎಂದು ಕೇಳುವವರುಂಟು. ನೂರಾರು ಜನರು ಟಿಕೆಟು ಪಡೆದು ಕೂಡುವ ವಿಮಾನದ ಮಾತು ಇಲ್ಲಿಲ್ಲ. ಒಬ್ಬನ ಸ್ವತ್ತಾದ ವಿಮಾನದ ಸ್ವಭಾವವೇ ಬೇರೆ. ಸೆಸ್ನಾ 172ರಂತಹ ನಾಲ್ಕು ಆಸನಗಳ ಪುಟ್ಟ ವಿಮಾನವೂ ಗಂಟೆಗೆ 30 ಲೀಟರಿಗೂ ಮಿಕ್ಕಿ ಇಂಧನವನ್ನು ಬೇಡುತ್ತದೆ. ತಂಗುದಾಣದ ಬಾಡಿಗೆ, ವಿಮೆ, ಕಾಲಕಾಲದ ತಪಾಸಣೆ ಇವು ಹಾರಿದರೂ ತಪ್ಪವು, ನಿಂತರೂ ತಪ್ಪವು. ಬಹುಕಾಲ ನಿಂತರೆ ಎಂಜಿನ್ನಿನ ಒಳಗೆ ತುಕ್ಕು ಹಿಡಿಯುತ್ತದೆ. ಆದಕಾರಣ ಕೆಲಸವಿಲ್ಲದಿದ್ದರೂ ಹಾರಿಸಬೇಕಾಗುತ್ತದೆ. ನಿಷ್ಪ್ರಯೋಜನವಾದ ಹಿಂಸೆಗೆ ನಮ್ಮ ಶಾಸ್ತ್ರವು ಅನರ್ಥದಂಡವೆಂದು ಹೆಸರಿಟ್ಟಿದೆ.

ನಮ್ಮ ನಾಡಿನ ಸ್ಥಿತಿಯನ್ನೂ ನೋಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ವಿಮಾನವಿಳಿಯುವ ನೆಲವಿಲ್ಲ. 1951ರಲ್ಲಿ ಆರಂಭವಾದ ಬಜ್ಪೆಯ ನಿಲ್ದಾಣದಲ್ಲಿಳಿದು ಮತ್ತೆ ಕಾರನ್ನೇ ಹತ್ತಬೇಕು. ಮಳೆಗಾಲದಲ್ಲಿ ಘಟ್ಟಕ್ಕೆ ಮೋಡ ಕವಿದರೆ ಪುಟ್ಟ ವಿಮಾನವು ದಿನಗಟ್ಟಲೆ ನೆಲ ಬಿಟ್ಟೇಳದು. ಹೀಗಿರುವಲ್ಲಿ ಉಳಿಯುವುದು ಸಮಯವೋ, ಬೆಳೆಯುವುದು ಪ್ರತಿಷ್ಠೆಯೋ?

ದಿಗ್ವ್ರತವನ್ನು ನಾವು ಪೂರ್ವ ಪಶ್ಚಿಮಗಳ ಲೆಕ್ಕವೆಂದೇ ತಿಳಿದಿದ್ದೇವೆ. ವ್ರತವಿರುವುದು ಹತ್ತು ದಿಕ್ಕುಗಳಿಗೆ. ತತ್ತ್ವಾರ್ಥಸೂತ್ರವು ಹೇಳುವ ಅದರ ಅತಿಚಾರಗಳಲ್ಲಿ ಊರ್ಧ್ವದ ಮೇರೆ ಮೀರುವುದೇ ಮೊದಲನೆಯದು. ಮನುಷ್ಯನು ಹಾರಲರಿಯದ ಕಾಲದಲ್ಲಿಯೇ ಆಚಾರ್ಯರು ಆಕಾಶಕ್ಕೂ ಗೆರೆ ಎಳೆದಿದ್ದರು.

ಭರತೇಶನಿಗೂ ವೈಭವವಿರಲಿಲ್ಲವೇ ಎಂಬ ಸಮಾಧಾನವೊಂದಿದೆ. ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶವೈಭವವನ್ನು ಬರೆದದ್ದು ಭೋಗಕ್ಕೆ ಪರವಾನಗಿ ಕೊಡುವುದಕ್ಕಲ್ಲ. ಭರತನ ನಿರ್ಲಿಪ್ತತೆಯನ್ನು ಬಿಟ್ಟು ಅವನ ಐಶ್ವರ್ಯವನ್ನು ಮಾತ್ರ ಆಧಾರವಾಗಿ ಹಿಡಿಯುವುದು ಆ ಕಾವ್ಯಕ್ಕೆ ಮಾಡುವ ಅಪಚಾರ.

ಇನ್ನು ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ಮಾತು. 1981ರಲ್ಲಿ ಶ್ರವಣಬೆಳಗೊಳದಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿಗೈದರು. ಅದು ದೇಶವು ಸಲ್ಲಿಸಿದ ಗೌರವವೆನ್ನೋಣ. ಅದನ್ನೇ ಮಾದರಿಯಾಗಿ ಹಿಡಿದು, ಆಕಾಶಮಾರ್ಗವಾಗಿ ಬರುವ ದಾನಿಗೆ ವೇದಿಕೆಯ ನಡುವೆ ಪೀಠವನ್ನೂ, ಬಸ್ಸಿನಲ್ಲಿ ಬಂದ ಶ್ರಾವಕನಿಗೆ ಹಿಂದಿನ ಸಾಲನ್ನೂ ಕೊಟ್ಟರೆ ನಾವು ಪೂಜಿಸಿದ್ದು ಯಾರನ್ನು? ವೇಣೂರಿನಲ್ಲಿ 1604ರಿಂದ ನಿಂತಿರುವ ಬಾಹುಬಲಿಯು ಗೆದ್ದ ರಾಜ್ಯವನ್ನೇ ತೊರೆದವನು. ಅವನ ಮಸ್ತಕಕ್ಕೆ ಅಭಿಷೇಕ ಮಾಡುವವರು ಇಂದಿಗೂ ಕಲಶ ಹಿಡಿದು ಅಟ್ಟಳಿಗೆಯ ಮೆಟ್ಟಿಲೇರುತ್ತಾರೆ. ಎತ್ತರಕ್ಕೇರಲು ಶ್ರಾವಕನಿಗೆ ಅಷ್ಟು ಸಾಲದೇ?

ಜೈನ ಮನೆಗಳು ವಿರಳವಾದ ಗ್ರಾಮಗಳ ಬಸದಿಗಳನ್ನು ನೆನೆಯಿರಿ. ಅಲ್ಲಿ ಮಾಡು ಸೋರದಂತೆ ನೋಡುವುದು, ನಿತ್ಯಪೂಜೆ ನಡೆಸುವ ಇಂದ್ರರ ಸಂಸಾರ ನಡೆಯುವಂತೆ ಮಾಡುವುದು ನಮ್ಮ ಹೊಣೆ. ಹಾರಾಟದ ಬಾಡಿಗೆ ಈ ಹೊಣೆಯ ಮುಂದೆ ನಿಲ್ಲಲಾರದು.

ಶ್ರಾವಕ ಬಂಧುಗಳು ಬರುವ ಪರ್ಯೂಷಣದಲ್ಲಿ ವಾಹನಗಳಿಗೂ ಪರಿಮಾಣ ಮಾಡಿಕೊಳ್ಳಲಿ. ದಿಗ್ವ್ರತ ಸ್ವೀಕರಿಸುವಾಗ ಊರ್ಧ್ವದಿಕ್ಕಿನ ಮಿತಿಯನ್ನು ಬಾಯಿಬಿಟ್ಟು ಹೇಳಲಿ. ಉತ್ಸವದ ಆಯವ್ಯಯದಲ್ಲಿ ಹೆಲಿಕಾಪ್ಟರಿಗೆ ಹಣವಿಲ್ಲವೆಂದು ಆಡಳಿತ ಮಂಡಳಿಗಳು ನಿರ್ಣಯ ಬರೆದಿಡಲಿ.